ಪಿತ್ತಕೋಶ ನೋಡಿದ ಮೇಲೆ ಇನ್ನೆರಡು ನಿಮಿಷ

ವಿರಾಜಪೇಟೆಯ ನನ್ನ ಸ್ಕ್ಯಾನಿಂಗ್ ಕೋಣೆಗೆ ಹೊಟ್ಟೆನೋವೆಂದು ಬರುವವರ ಚೀಟಿಯಲ್ಲಿ ಸಾಮಾನ್ಯವಾಗಿ ಒಂದೇ ಪ್ರಶ್ನೆ ಇರುತ್ತದೆ: ಕಲ್ಲಿದೆಯೇ? ಪಿತ್ತಕೋಶ, ಮೂತ್ರಪಿಂಡ ನೋಡಿ ಉತ್ತರಿಸಲು ಹತ್ತು ನಿಮಿಷ ಸಾಕು. ಆದರೆ ಮಲಗಿರುವವರು ಅರವತ್ತರ ಆಸುಪಾಸಿನವರಾದರೆ ನಾನು ಪ್ರೋಬ್ ಎತ್ತುವುದಿಲ್ಲ. ಎದೆಮೂಳೆಯ ಕೆಳಗೆ, ನಡುಗೆರೆಯಿಂದ ಬೆರಳಿನಷ್ಟು ಎಡಕ್ಕಿಟ್ಟು ಹೊಕ್ಕುಳಿನವರೆಗೆ ಮೆಲ್ಲನೆ ಇಳಿಸಿ, ಗುಂಡಿಗೆಯಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿ ಉಬ್ಬಿದೆಯೇ ಎಂದು ನೋಡುತ್ತೇನೆ. ಹೊರಗೆ ಸರದಿ ಎಷ್ಟೇ ಉದ್ದವಿರಲಿ, ಆ ಎರಡು ನಿಮಿಷವನ್ನು ಬಿಟ್ಟುಕೊಡುವುದಿಲ್ಲ. ಅದು ನನ್ನ ದೊಡ್ಡಪ್ಪನ ಪಾಲು.

1998ರ ಜುಲೈ. ಅಂಗರಚನಾಶಾಸ್ತ್ರದ ಪರೀಕ್ಷೆ ಬರೆದು ರಜೆಗೆಂದು ಊರಿಗೆ ಬಂದಿದ್ದೆ. ಮಹಾಪಧಮನಿ ಬೆನ್ನೆಲುಬಿನ 12ನೇ ಎದೆ ಕಶೇರುವಿನ ಎದುರು, ಎದೆ-ಹೊಟ್ಟೆಗಳ ನಡುವಿನ ಸ್ನಾಯುಪದರವಾದ ವಪೆಯ ಹಿಂದಿನಿಂದ ಹೊಟ್ಟೆಗೆ ಇಳಿಯುತ್ತದೆ, 4ನೇ ಸೊಂಟದ ಕಶೇರುವಿನ ಬಳಿ ಎರಡಾಗಿ ಸೀಳುತ್ತದೆ ಎಂಬುದೆಲ್ಲ ಬಾಯಿಪಾಠ. ಸೈನ್ಯದಿಂದ ನಿವೃತ್ತರಾಗಿ ತೋಟ ನೋಡಿಕೊಳ್ಳುತ್ತಿದ್ದ ದೊಡ್ಡಪ್ಪನಿಗೆ ಆಗ 68. ಸಿಗರೇಟು ಬಿಟ್ಟವರಲ್ಲ. ಬೆಳಗ್ಗೆ ಎಡಸೊಂಟದಲ್ಲಿ ನೋವೆಂದಾಗ ಒಂದು ಆಸ್ಪತ್ರೆಯಲ್ಲಿ ಮೂತ್ರಪಿಂಡದ ಕಲ್ಲೆಂದು ಇಂಜೆಕ್ಷನ್ ಕೊಟ್ಟು ಮನೆಗೆ ಕಳುಹಿಸಿದರು. ರಾತ್ರಿ ಬಚ್ಚಲಿಗೆ ಹೋದವರು ಅಲ್ಲೇ ಕುಸಿದರು. ಮೈ ತಣ್ಣಗೆ, ಬೆವರು. ಮಳೆಯಲ್ಲಿ ಜೀಪು ಹೊರಟಿತು. ತಿತಿಮತಿ ದಾಟಿ, ಕಾಡಿನ ನಡುವಿನ ರಸ್ತೆ ಮುಗಿದು ಹುಣಸೂರು ಸಿಗುವ ಮೊದಲೇ ನನ್ನ ಬೆರಳಡಿಯ ನಾಡಿ ನಿಂತಿತು. "ಹೊಟ್ಟೆಯೊಳಗೆ ಇನ್ನೊಂದು ಗುಂಡಿಗೆ ಬಡಿದ ಹಾಗಾಗುತ್ತದೆ ಎನ್ನುತ್ತಿದ್ದರು, ಗ್ಯಾಸ್ ಎಂದುಕೊಂಡೆವು" ಎಂದು ದೊಡ್ಡಮ್ಮ ಆಮೇಲೆ ಹೇಳಿದರು. ಮರಣೋತ್ತರ ಪರೀಕ್ಷೆ ಮಾಡಿಸಲಿಲ್ಲ. ಆದರೂ ಏನಾಗಿತ್ತೆಂಬುದರಲ್ಲಿ ಇಂದು ನನಗೆ ಅನುಮಾನವಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಆ ಹೊಟ್ಟೆಯ ಮೇಲೆ ಯಾರೂ ಅಂಗೈ ಇಟ್ಟು ನೋಡಲಿಲ್ಲ. ನಾನೂ ಇಡಲಿಲ್ಲ.

ಈಗ ದಿನವೂ ಅದೇ ದಾರಿಯಲ್ಲಿ ಇಳಿಯುತ್ತೇನೆ. ಪರದೆಯ ಮೇಲೆ ಮೊದಲು ಸಿಗುವುದು ಮಹಾಪಧಮನಿಯಿಂದ ಹೊರಡುವ ಸೀಲಿಯಾಕ್ ಕಾಂಡವೆಂಬ ರಕ್ತನಾಳ. ಅದರ ಎರಡು ಕವಲುಗಳು ಯಕೃತ್ತಿನ ಕಡೆಗೊಂದು, ಗುಲ್ಮದ ಕಡೆಗೊಂದು ರೆಕ್ಕೆಯಂತೆ ಬಿಚ್ಚಿಕೊಳ್ಳುತ್ತವೆ. ಪುಸ್ತಕಗಳು ಕಡಲಹಕ್ಕಿ ಎನ್ನುತ್ತವೆ, ನನಗೆ ಅದು ಗದ್ದೆಯಿಂದ ಎದ್ದ ಬೆಳ್ಳಕ್ಕಿ. ತುಸು ಕೆಳಗೆ, 1ನೇ ಸೊಂಟದ ಕಶೇರುವಿನ ಮಟ್ಟದಲ್ಲಿ, ಸಣ್ಣ ಕರುಳಿಗೆ ರಕ್ತ ಒಯ್ಯುವ ಮೇಲಿನ ಮೆಸೆಂಟರಿಕ್ ಅಪಧಮನಿ. ಅದಕ್ಕೂ ಮಹಾಪಧಮನಿಗೂ ನಡುವಿನ ಇಕ್ಕಟ್ಟಿನಲ್ಲಿ ಎಡ ಮೂತ್ರಪಿಂಡದ ಸಿರೆ ಬಲಕ್ಕೆ ದಾಟುತ್ತದೆ. ಅಲ್ಲೇ ಎರಡು ಬದಿಗೆ ಮೂತ್ರಪಿಂಡದ ಅಪಧಮನಿಗಳು. ಅವುಗಳ ಕೆಳಗೆ ನನ್ನ ಕೈ ತಾನಾಗಿ ನಿಧಾನವಾಗುತ್ತದೆ, ಏಕೆಂದರೆ ಹೊಟ್ಟೆಯ ಮಹಾಪಧಮನಿ ಉಬ್ಬುವುದು ಹೆಚ್ಚಾಗಿ ಅಲ್ಲಿಂದ ಹೊಕ್ಕುಳಿನ ಬಳಿಯ ಕವಲಿನವರೆಗಿನ ಭಾಗದಲ್ಲಿ. ಸಾಮಾನ್ಯವಾಗಿ ಸುಮಾರು 2 ಸೆಂಟಿಮೀಟರ್ ಅಗಲವಿರುವ ಕೊಳವೆ 3 ಮುಟ್ಟಿದರೆ ಅದು ಅನ್ಯೂರಿಸಂ, ಅಂದರೆ ರಕ್ತನಾಳದ ಉಬ್ಬು. ಗಂಡಸರಲ್ಲಿ 5.5 ತಲುಪಿದರೆ ಶಸ್ತ್ರಚಿಕಿತ್ಸೆಯ ಮಾತು ಶುರುವಾಗುತ್ತದೆ.

ಹೂಮಳೆ ಕೈಕೊಟ್ಟ ವರ್ಷ ಕೆರೆಗೆ ಪಂಪ್ ಇಟ್ಟು ಕಾಫಿಗೆ ಸ್ಪ್ರಿಂಕ್ಲರ್ ಹಾಯಿಸುವವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಹಳೆಯ ಪೈಪು ಒಂದು ಕಡೆ ಉಬ್ಬಿತೆಂದರೆ ಪಂಪಿನ ಒತ್ತಡ ಹೆಚ್ಚದಿದ್ದರೂ ಉಬ್ಬಿದ ಗೋಡೆಯ ಮೇಲಿನ ಎಳೆತ ಹೆಚ್ಚುತ್ತದೆ. ಎಳೆತ ಹೆಚ್ಚಿದಂತೆ ಇನ್ನಷ್ಟು ಉಬ್ಬುತ್ತದೆ. ಒಡೆಯುವ ದಿನದವರೆಗೆ ನೀರು ಹಾಯುತ್ತಲೇ ಇರುತ್ತದೆ. ಮನುಷ್ಯನೂ ಹಾಗೆಯೇ ನೋವಿಲ್ಲದೆ ತೋಟ ಸುತ್ತುತ್ತಾನೆ. ಒಡೆದ ಮೇಲೆ ಹೆಚ್ಚಿನವರು ಆಪರೇಷನ್ ಕೋಣೆಯವರೆಗೆ ಬದುಕಿರುವುದಿಲ್ಲ. ರೈಲೇ ಇಲ್ಲದ, ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್ ಇರುವ, ಆಟಿಯ ಮಳೆಗೆ ಮರ ಉರುಳಿ ದಾರಿ ಮುಚ್ಚುವ ಜಿಲ್ಲೆಯಲ್ಲಿ ಒಡೆಯುವ ಮೊದಲೇ ಕಂಡುಹಿಡಿಯುವುದೊಂದೇ ನಮಗಿರುವ ದಾರಿ.

ಐನ್‌ಸ್ಟೈನ್‌ಗೂ ಇದೇ ಕಾಯಿಲೆ. 1948ರಲ್ಲಿ ಶಸ್ತ್ರಚಿಕಿತ್ಸಕ ರುಡಾಲ್ಫ್ ನಿಸೆನ್ ಐನ್‌ಸ್ಟೈನ್‌ರ ಉಬ್ಬಿದ ಮಹಾಪಧಮನಿಗೆ ಸೆಲ್ಲೋಫೇನ್ ಹಾಳೆ ಸುತ್ತಿದರು. ಆಗ ಬೇರೆ ಉಪಾಯವಿರಲಿಲ್ಲ. 1955ರ ಏಪ್ರಿಲ್‌ನಲ್ಲಿ ಅದು ಒಡೆದಾಗ ಅವರು ಮತ್ತೆ ಶಸ್ತ್ರಚಿಕಿತ್ಸೆಗೆ ಒಪ್ಪಲಿಲ್ಲ. ಹೊಟ್ಟೆ ಸೀಳದೆ, ತೊಡೆಸಂದಿಯ ಅಪಧಮನಿಯಿಂದ ಒಳಗೊಂದು ಕೊಳವೆ ತೂರಿಸಿ ಉಬ್ಬಿಗೆ ರಕ್ತದ ಒತ್ತಡ ತಾಗದಂತೆ ಮಾಡುವ ವಿಧಾನವನ್ನು ಅರ್ಜೆಂಟೀನಾದ ಶಸ್ತ್ರಚಿಕಿತ್ಸಕ ಹುವಾನ್ ಪರೋಡಿ 1990ರಲ್ಲಿ ಮಾಡಿ ತೋರಿಸಿದರು. ದೊಡ್ಡಪ್ಪ ಹೋಗುವ ಹೊತ್ತಿಗೆ ಅದಕ್ಕೆ ಸುಮಾರು ಎಂಟು ವರ್ಷವಾಗಿತ್ತು. ಈ ಲೆಕ್ಕ ನನ್ನನ್ನು ಈಗಲೂ ಕಾಡುತ್ತದೆ.

ಸಿರೆಗಳ ಬಗ್ಗೆಯೂ ಒಂದು ಮಾತು. ಮಹಾಪಧಮನಿಯ ಬಲಕ್ಕೆ ಕೆಳ ಮಹಾಸಿರೆ ಇದೆ. ಗೋಡೆ ತೆಳು, ಉಸಿರೆಳೆದರೆ ಕುಗ್ಗುತ್ತದೆ. ತುಂಬು ಬಸುರಿ ಅಂಗಾತ ಮಲಗಿ ತಲೆಸುತ್ತು ಎಂದರೆ ಗರ್ಭಕೋಶ ಅದನ್ನು ಅಮುಕಿದೆ ಎಂದೇ ತಿಳಿದು ಎಡಮಗ್ಗುಲಿಗೆ ತಿರುಗಿಸುತ್ತೇನೆ, ಕ್ಷಣದಲ್ಲಿ ಮುಖಕ್ಕೆ ಬಣ್ಣ ಮರಳುತ್ತದೆ. ಇನ್ನೂ ಕೆಳಗೆ ಬಲಗಾಲಿನ ಕಡೆಗೆ ಹೋಗುವ ಅಪಧಮನಿ ಎಡಗಾಲಿನಿಂದ ಬರುವ ಸಿರೆಯ ಮೇಲೆ ಹಾದುಹೋಗುತ್ತದೆ. ಬಾಣಂತಿಯ ಎಡಗಾಲು ಮಾತ್ರ ಊದಿದ್ದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ, ಅಂದೇ ತೋರಿಸಿ, ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಇನ್ನು ಪೋರ್ಟಲ್ ಸಿರೆ. ಯಕೃತ್ತಿಗೆ ಬರುವ ರಕ್ತದ ಸುಮಾರು ಮುಕ್ಕಾಲು ಪಾಲು ಕರುಳು, ಗುಲ್ಮಗಳನ್ನು ಸುತ್ತಿ ಇದರಲ್ಲೇ ಬರುತ್ತದೆ. ಅದು 13 ಮಿಲಿಮೀಟರ್ ಮೀರಿದ್ದು ಕಂಡರೆ ಕುಡಿತದ ವಿಚಾರ ಕೇಳಿಯೇ ಕೇಳುತ್ತೇನೆ, ಐನ್‌ಮನೆಯ ಯಜಮಾನರಿರಲಿ, ಲೈನ್ ಮನೆಯ ಕಾರ್ಮಿಕನಿರಲಿ. ಯಕೃತ್ತು ಗಟ್ಟಿಯಾಗಿ ದಾರಿ ಕಟ್ಟಿದಾಗ ರಕ್ತ ಅನ್ನನಾಳದ ಸಿರೆಗಳಿಗೆ ನುಗ್ಗಿ ಅವುಗಳನ್ನು ಉಬ್ಬಿಸುತ್ತದೆ. ಒಂದು ರಾತ್ರಿ ಅವು ಒಡೆದು ರಕ್ತ ಕಾರುವುದನ್ನು ನೋಡಿದವರಿಗೆ ನಾನು ಒರಟಾಗಿ ಕೇಳುವುದೇಕೆಂದು ಗೊತ್ತಿರುತ್ತದೆ.

ಇಂಗ್ಲೆಂಡಿನಲ್ಲಿ ಗಂಡಸರಿಗೆ 65 ಆಗುವ ವರ್ಷ ಮಹಾಪಧಮನಿಯ ಸ್ಕ್ಯಾನ್‌ಗೆ ಸರ್ಕಾರವೇ ಕರೆ ಕಳುಹಿಸುತ್ತದೆ. ನಮಗೆ ಅಂಥ ಕರೆ ಬರುವುದಿಲ್ಲ. ಆದ್ದರಿಂದ 65 ದಾಟಿದ, ಎಂದಾದರೂ ಸಿಗರೇಟು ಬೀಡಿ ಸೇದಿದ್ದ ಅಪ್ಪ, ಮಾವ, ಅಣ್ಣ ನಿಮ್ಮ ಮನೆಯಲ್ಲಿದ್ದರೆ ನೀವೇ ಕರೆದುಕೊಂಡು ಹೋಗಿ. ಖಾಲಿ ಹೊಟ್ಟೆ, ಸ್ವಲ್ಪ ತಣ್ಣನೆಯ ಜೆಲ್, ಅಷ್ಟೇ. ಬೇರೆ ಕಾರಣಕ್ಕೆ ಸ್ಕ್ಯಾನ್ ಮಾಡಿಸುತ್ತಿದ್ದರೂ "ಮಹಾಪಧಮನಿ ಎಷ್ಟಿದೆ?" ಎಂದು ಬಾಯಿಬಿಟ್ಟು ಕೇಳಿ, ವರದಿಯಲ್ಲಿ ಬರೆಸಿಕೊಳ್ಳಿ.

ನಾಪೋಕ್ಲು ಕಡೆಯ ಹಿರಿಯರೊಬ್ಬರು ಪ್ರತಿ ವರ್ಷ ಪುತ್ತರಿ ಹಬ್ಬ ಮುಗಿದ ಮೇಲೆ ನನ್ನಲ್ಲಿಗೆ ಬರುತ್ತಾರೆ. ಮೊದಲ ಸಲ ಪಿತ್ತದ ಕಲ್ಲು ಹುಡುಕುವಾಗ ಸಿಕ್ಕಿದ್ದು 3.9 ಸೆಂಟಿಮೀಟರ್‌ನ ಉಬ್ಬು. ಅಂದೇ ಬೀಡಿ ಬಿಟ್ಟರು, ರಕ್ತದೊತ್ತಡದ ಮಾತ್ರೆ ತಪ್ಪಿಸಲಿಲ್ಲ. ಮರುವರ್ಷ 4.1, ಆಮೇಲೆ 4.3. ಈ ಸಲ 4.6. ಇನ್ನು ಮೂರು ತಿಂಗಳಿಗೊಮ್ಮೆ ಬರಬೇಕು ಎಂದೆ. ಮೆಣಸು ಕೊಯ್ಲು ಮುಗಿಯಲಿ ಎಂದರು. ಕೊಯ್ಲು ಕಾಯುತ್ತದೆ ಎಂದು ಹೇಳಿ, ಮಾರ್ಚ್ ಮೊದಲ ವಾರವೆಂದು ಬರೆದು ಚೀಟಿಯನ್ನು ಅವರ ಮಗಳ ಕೈಗೆ ಕೊಟ್ಟೆ.