ಟ್ವೈಲೈಟ್ ಮೇಷ್ಟ್ರ ಕಲ್ಲು ಕಟ್ಟಡ: ಮಾದರಿ ಎಲ್ಲಿಯವರೆಗೆ ಬಂತು

ಹಿಂದಿನ ಗೋಡೆ, ಎರಡು ಪಕ್ಕದ ಗೋಡೆಗಳು ಮುಗಿದವು. ಮುಂದಿನದು ಅರ್ಧ ಆಗಿದೆ. ಹೊಸದಾಗಿ ಓದುವವರಿಗೆ: ಇದು ಅಮೆರಿಕದ ವರ್ಮಾಂಟ್ ರಾಜ್ಯದ ಬ್ರೌನಿಂಗ್ಟನ್ ಅನ್ನೋ ಸಣ್ಣ ಊರಲ್ಲಿರುವ ನಾಲ್ಕು ಮಹಡಿಯ ಗ್ರಾನೈಟ್ ಕಟ್ಟಡದ ಮಾದರಿ, 1:100 ಅಳತೆಯದು. ಅಲ್ಲಿನ ಶಾಲೆಯ ಮಕ್ಕಳು ಉಳಿದುಕೊಳ್ಳಲಿ ಅಂತ ಅದನ್ನು ಕಟ್ಟಿಸಿದವರು ಮುಖ್ಯೋಪಾಧ್ಯಾಯ ಅಲೆಕ್ಸಾಂಡರ್ ಟ್ವೈಲೈಟ್. ಅಮೆರಿಕದ ರಾಜ್ಯ ಶಾಸನಸಭೆಯೊಂದಕ್ಕೆ ಆಯ್ಕೆಯಾದ ಮೊದಲ ಆಫ್ರಿಕನ್ ಅಮೆರಿಕನ್ ಕೂಡ ಅವರೇ.

ಕಲ್ಲಿನ ಕೆಲಸವೇ ಜಾಸ್ತಿ ಹೊತ್ತು ಹಿಡಿಯುತ್ತಿದೆ. ಫೋಮ್ ಬೋರ್ಡ್ ಮೇಲೆ ತೆಳ್ಳಗೆ ವಾಲ್ ಪುಟ್ಟಿ ಬಳಿದು, ಅರೆ ಒಣಗಿದಾಗ ಖಾಲಿ ರೀಫಿಲ್ ತುದಿಯಿಂದ ಕಲ್ಲಿನ ಸಂದುಗಳನ್ನು ಗೀರುತ್ತೇನೆ. ಹಸಿ ಇದ್ದರೆ ಗೀರು ಮುಚ್ಚಿಕೊಳ್ಳುತ್ತದೆ, ಪೂರ್ತಿ ಒಣಗಿದರೆ ಪುಟ್ಟಿ ಪುಡಿಪುಡಿಯಾಗಿ ಏಳುತ್ತದೆ. ಮುಟ್ಟಿದರೆ ತಣ್ಣಗಿರಬೇಕು, ಬೆರಳಿಗೆ ಅಂಟಬಾರದು. ಆ ಹದದಲ್ಲೇ ಕೂತು ಒಂದು ಮಹಡಿ ಮುಗಿಸಬೇಕು.

ಪುಟ್ಟಿ ಒಣಗುವ ಹೊತ್ತಿನಲ್ಲಿ, ಮಾದರಿಯ ಪಕ್ಕ ಇಡುವ ಫಲಕಕ್ಕೆ ಅವರ ಬದುಕನ್ನು ಬರೆಯುತ್ತಿದ್ದೇನೆ. ಹುಟ್ಟಿದ್ದು 1795ರಲ್ಲಿ, ವರ್ಮಾಂಟ್‌ನಲ್ಲೇ. ಚಿಕ್ಕಂದಿನಲ್ಲೇ ಪಕ್ಕದ ರೈತನ ಹೊಲಕ್ಕೆ ಕರಾರಿನ ಆಳಾಗಿ ಸೇರಿಸಿದರು. ಹೊಲದ ಕೆಲಸದ ನಡುವೆಯೇ ಓದಿದರು. ಇಪ್ಪತ್ತರ ಆಸುಪಾಸಿನಲ್ಲಿ, ಕರಾರಿನಲ್ಲಿ ಉಳಿದಿದ್ದ ಅವಧಿಗೆ ದುಡ್ಡು ಕಟ್ಟಿ ಬಿಡಿಸಿಕೊಂಡು ಶಾಲೆಗೆ ಸೇರಿದರು. 1823ರಲ್ಲಿ ಮಿಡಲ್‌ಬರಿ ಕಾಲೇಜಿನಿಂದ ಪದವಿ ಪಡೆದರು. 1829ರಲ್ಲಿ ಬ್ರೌನಿಂಗ್ಟನ್‌ಗೆ ಬಂದು ಶಾಲೆ ವಹಿಸಿಕೊಂಡರು, ಜೊತೆಗೆ ಚರ್ಚಿನಲ್ಲಿ ಪ್ರವಚನವನ್ನೂ ಮಾಡುತ್ತಿದ್ದರು.

ದೂರದ ಊರುಗಳಿಂದ ಮಕ್ಕಳು ಬರುತ್ತಿದ್ದರು, ಇರಲು ಜಾಗ ಸಾಲುತ್ತಿರಲಿಲ್ಲ. ಶಾಲೆಯ ಆಡಳಿತದವರು ಹಣ ಕೊಡಲು ಒಪ್ಪಲಿಲ್ಲ. ಟ್ವೈಲೈಟ್ ಕಾಯುತ್ತಾ ಕೂರಲಿಲ್ಲ, ತಾವೇ ಮುಂದೆ ನಿಂತು 1834ರಲ್ಲಿ ಕೆಲಸ ಶುರು ಮಾಡಿಸಿದರು. 1836ಕ್ಕೆ ಕಟ್ಟಡ ಎದ್ದು ನಿಂತಿತು. ಹೆಸರು ಅಥೀನಿಯನ್ ಹಾಲ್.

ಅದೇ ವರ್ಷ ಶಾಸನಸಭೆಗೂ ಆರಿಸಿ ಬಂದರು. ಅಲ್ಲಿ ಅವರಿಗಿದ್ದ ದೊಡ್ಡ ಚಿಂತೆಯೂ ಶಾಲೆಯದೇ. ಜಿಲ್ಲೆಯ ಶಾಲೆಗೆಂದು ಮೀಸಲಿಟ್ಟ ಜಮೀನಿನ ಗೇಣಿ ಹಣ ಬ್ರೌನಿಂಗ್ಟನ್‌ಗೆ ಬರುತ್ತಿತ್ತು. ಕ್ರಾಫ್ಟ್ಸ್‌ಬರಿ ಊರಿನವರು ತಮ್ಮ ಶಾಲೆಗೂ ಪಾಲು ಬೇಕು ಅಂದರು. ಹಣ ಹಂಚಬಾರದು ಅಂತ ಟ್ವೈಲೈಟ್ ವಾದಿಸಿದರು, ಆದರೆ ಅವರ ಮಾತು ನಡೆಯಲಿಲ್ಲ. ಕ್ರಾಫ್ಟ್ಸ್‌ಬರಿಯ ಮಕ್ಕಳೂ ಓದಬೇಕಲ್ವಾ, ಅವರ ಬೇಡಿಕೆ ಅನ್ಯಾಯದ್ದು ಅಂತ ನಾನು ಹೇಳಲಾರೆ. ಆದರೂ ಆಗಷ್ಟೇ ಅಷ್ಟು ದೊಡ್ಡ ಕಟ್ಟಡ ಎಬ್ಬಿಸಿದವರ ಪಾಡು ನೆನೆದರೆ ಸಂಕಟವಾಗುತ್ತದೆ. ‘ಮೊದಲ ಶಾಸಕ’ ಅಂತ ಒಂದು ಸಾಲು ಬರೆದು ಮುಗಿಸಲು ಮನಸ್ಸಾಗುತ್ತಿಲ್ಲ. ಫಲಕದಲ್ಲಿ ಈ ಹಣದ ಜಗಳಕ್ಕೇ ಹೆಚ್ಚು ಜಾಗ ಬಿಟ್ಟಿದ್ದೇನೆ.

ಶಾಸಕರಾಗಿದ್ದು ಒಂದೇ ಅವಧಿ. 1847ರಲ್ಲಿ ಶಾಲೆ ಬಿಟ್ಟು ಕೆನಡಾದ ಕ್ವಿಬೆಕ್‌ಗೆ ಪಾಠ ಹೇಳಲು ಹೋದರು. 1852ರಲ್ಲಿ ಮತ್ತೆ ಬ್ರೌನಿಂಗ್ಟನ್‌ಗೇ ಬಂದರು, 1857ರಲ್ಲಿ ಅಲ್ಲೇ ತೀರಿಕೊಂಡರು. ಆ ಕಟ್ಟಡ ಈಗ ಮ್ಯೂಸಿಯಂ ಆಗಿದೆ.

ಮುಂದಿನ ಗೋಡೆಯಲ್ಲಿ ಕಿಟಕಿಗಳನ್ನು ಕೊರೆಯುವುದಿದೆ. ಚೌಕಟ್ಟಿಗೆ ಐಸ್‌ಕ್ರೀಂ ಕಡ್ಡಿ ದಪ್ಪ ಆಗುತ್ತದೆ, ಅದಕ್ಕೆ ಡ್ರಾಯಿಂಗ್ ಶೀಟನ್ನೇ ಸಣ್ಣ ಪಟ್ಟಿಗಳಾಗಿ ಕತ್ತರಿಸಿಟ್ಟಿದ್ದೇನೆ. ಗೋಡೆಗಳಿಗೆ ಬೂದು ಬಣ್ಣ ಹಚ್ಚಿದ ಮೇಲೆ ಚಾವಣಿ.