ಶೋರೂಂ ಸಾಗರದಲ್ಲಿ, ಸರ್ವಿಸ್ ಶಿವಮೊಗ್ಗದಲ್ಲಿ

ಎಲೆಕ್ಟ್ರಿಕ್ ಸ್ಕೂಟರ್ ತಗೊಳ್ಳಬಹುದಾ ಅಂತ ಈಗೀಗ ಜನ ನನ್ನನ್ನು ಕೇಳುವುದು ಜಾಸ್ತಿಯಾಗಿದೆ. ನನ್ನದು ವಿಮೆ ಏಜೆಂಟನ ಕೆಲಸ. ಇವತ್ತು ತಾಳಗುಪ್ಪ, ನಾಳೆ ಆನಂದಪುರ ಅಂತ ತಿರುಗುತ್ತಲೇ ಇರುತ್ತೇನೆ. ಹಾಗಾಗಿ ಸಾಗರದ ಸುತ್ತಮುತ್ತ ನನ್ನ ನೀಲಿ ಸ್ಕೂಟರ್ ನೋಡದವರು ಕಡಿಮೆ. ಕೇಳಿದವರಿಗೆ ನಾನು ತಿರುಗಿ ಕೇಳುವುದು ಇಷ್ಟೇ: ಅದನ್ನು ಬಿಚ್ಚಿ ರಿಪೇರಿ ಮಾಡುವವನು ನಿಮ್ಮ ಮನೆಯಿಂದ ಎಷ್ಟು ದೂರದಲ್ಲಿದ್ದಾನೆ?

ಈ ಪ್ರಶ್ನೆ ಯಾರಿಗೂ ಅಷ್ಟಾಗಿ ಹಿಡಿಸುವುದಿಲ್ಲ. ಒಂದು ಚಾರ್ಜಿಗೆ ಎಷ್ಟು ಓಡುತ್ತದೆ, ಸಬ್ಸಿಡಿ ಎಷ್ಟು ಸಿಗುತ್ತದೆ, ಇಬ್ಬರು ಕೂತರೆ ಏರು ಹತ್ತುತ್ತದಾ, ಇವೇ ಅವರಿಗೆ ಬೇಕು. ಅದನ್ನೂ ಹೇಳುತ್ತೇನೆ. ನನ್ನದು 3 ಯೂನಿಟ್ ಹಿಡಿಯುವ ಬ್ಯಾಟರಿ. ಚಾರ್ಜ್ ಆಗುವಾಗ ಸ್ವಲ್ಪ ಪೋಲಾಗುವುದೂ ಸೇರಿ ಪೂರ್ತಿ ಚಾರ್ಜಿಗೆ ಮೂರೂವರೆ ಯೂನಿಟ್ ಕರೆಂಟ್ ಸಾಕು. ಪೆಟ್ರೋಲ್ ನೂರು ರೂಪಾಯಿ ದಾಟಿ ಯಾವ ಕಾಲವಾಯಿತು, ಲೆಕ್ಕ ನೀವೇ ಹಾಕಿಕೊಳ್ಳಿ. ಓಡುವಾಗ ಗಾಡಿಯ ಮೇಲೆ ನನಗೆ ಒಂದು ತಕರಾರೂ ಇಲ್ಲ. ನಿಂತಾಗಿನ ಕಥೆ ಬೇರೆ.

ಕಂಪನಿಯ ಹೆಸರು ಹೇಳುವುದಿಲ್ಲ. ಇಲ್ಲಿ ಶೋರೂಂ ನಡೆಸುತ್ತಿದ್ದವರು ಸಬ್ ಡೀಲರ್. ಒಳ್ಳೆಯ ಜನ, ಸುಮ್ನೆ ದೂರುವುದಿಲ್ಲ. ಆದರೆ ಆ ಮಳಿಗೆಯಲ್ಲಿ ಇದ್ದದ್ದು ನಾಲ್ಕು ಸ್ಕೂಟರ್, ಒಂದು ಮೇಜು, ಒಂದು ಬ್ಯಾನರ್. ಗಾಡಿ ಎತ್ತಿ ನಿಲ್ಲಿಸುವ ರ‍್ಯಾಂಪ್ ಇರಲಿಲ್ಲ, ಸ್ಪ್ಯಾನರ್ ಸೆಟ್ ಕೂಡ ಇರಲಿಲ್ಲ. "ಸರ್ವಿಸ್ ಚಿಂತೆ ಬಿಡಿ ಸಾರ್, ಶಿವಮೊಗ್ಗದಿಂದ ತಿಂಗಳಿಗೊಮ್ಮೆ ವ್ಯಾನ್ ಬರುತ್ತೆ" ಅಂದರು. ಬಂತು ಕೂಡ. ಬ್ರೇಕ್ ಪ್ಯಾಡ್ ನೋಡಿದರು, ಲ್ಯಾಪ್‌ಟಾಪ್ ಸಿಕ್ಕಿಸಿ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರು, ತೊಳೆದು ಕೊಟ್ಟರು. ಆಮೇಲೆ ವ್ಯಾನ್ ಬರುವುದು ತಡವಾಗುತ್ತಾ ಹೋಯಿತು. ಕಡೆಗೆ ನಿಂತೇ ಹೋಯಿತು. ಅದೇ ಮಳಿಗೆಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ.

ಹೀಗೇಕೆ ಆಗುತ್ತದೆ ಅನ್ನುವುದನ್ನು ಪೆಟ್ರೋಲ್ ಬೈಕ್ ಡೀಲರ್ ಒಬ್ಬರು ನನಗೆ ಬಿಡಿಸಿ ಹೇಳಿದರು. ಅವರೂ ನನ್ನ ಪಾಲಿಸಿದಾರರೇ. ಬೈಕ್ ಮಾರಿದ್ದರಲ್ಲಿ ಸಿಗುವ ಕಮಿಷನ್ನಿನಿಂದ ಶೋರೂಂ ನಡೆಯುವುದಿಲ್ಲವಂತೆ. ಆಯಿಲ್, ಪ್ಲಗ್, ಏರ್ ಫಿಲ್ಟರ್, ಕ್ಲಚ್ ಪ್ಲೇಟ್, ಚೈನ್ ಸೆಟ್: ಮೆಕ್ಯಾನಿಕ್ಕಿನ ಸಂಬಳ ಬರುವುದು ಇವುಗಳಿಂದ. ಎಲೆಕ್ಟ್ರಿಕ್ ಗಾಡಿಯಲ್ಲಿ ಇವುಗಳಲ್ಲಿ ಹೆಚ್ಚಿನವು ಇಲ್ಲ. ಉಳಿಯುವುದು ಬ್ರೇಕ್ ಪ್ಯಾಡ್, ಟೈರ್, ಬೇರಿಂಗ್, ಕೆಲವು ಮಾಡೆಲ್ಲಿನಲ್ಲಿ ಬೆಲ್ಟ್ ಅಥವಾ ಚೈನ್. "ವರ್ಷಕ್ಕೆ ಒಂದು ಸಲ ಬಂದು ಗಾಡಿ ತೊಳೆಸಿಕೊಂಡು ಹೋಗೋ ಗಿರಾಕಿಗೆ ನಾನು ಹುಡುಗರನ್ನ ಹೇಗೆ ಸಾಕಲಿ?" ಅಂದರು. ಖರ್ಚಿಲ್ಲ ಅಂತ ನಾವು ಹೊಗಳುವ ಗಾಡಿ ಡೀಲರನ ಹೊಟ್ಟೆಗೆ ಹೊಡೆಯುತ್ತದೆ ಅಲ್ವಾ? ಹಾಗಾಗಿ ಬರೀ ಎಲೆಕ್ಟ್ರಿಕ್ ಮಾರುವ ಸಣ್ಣ ಡೀಲರ್ ತಾಲ್ಲೂಕು ಊರಿನಲ್ಲಿ ತಾಳುವುದು ಕಷ್ಟ. ಟಿವಿಎಸ್, ಬಜಾಜ್ ತರಹ ಮೊದಲೇ ಪೆಟ್ರೋಲ್ ಗಾಡಿಯ ಡೀಲರ್‌ಗಳನ್ನು ಇಟ್ಟುಕೊಂಡಿದ್ದ ಕಂಪನಿಗಳಿಗೆ ಇದರಲ್ಲಿ ಅನುಕೂಲ ಇದೆ. ಅಲ್ಲಿ ಮೆಕ್ಯಾನಿಕ್ಕಿನ ಸಂಬಳ ಬೇರೆ ಗಾಡಿಗಳಿಂದ ಹುಟ್ಟುತ್ತದೆ.

ನನ್ನ ಗಾಡಿ ಕೈಕೊಟ್ಟಿದ್ದು ಆಗಸ್ಟ್ ಮಳೆಯಲ್ಲಿ. ರಾತ್ರಿ ಚಾರ್ಜಿಗೆ ಹಾಕಿದರೆ ಕೆಂಪು ದೀಪ ಮಿನುಗಿತು, ಪರದೆಯ ಮೇಲೆ ಎಂಥದೋ ಕೋಡ್. ಸಹಾಯವಾಣಿಯವರು ಕನ್ನಡದಲ್ಲೇ ಮಾತಾಡಿದರು, ದೂರಿನ ನಂಬರ್ ಕೊಟ್ಟರು. ಹತ್ತಿರದ ಸರ್ವಿಸ್ ಸೆಂಟರ್ ಶಿವಮೊಗ್ಗ. ಎಪ್ಪತ್ತು ಕಿಲೋಮೀಟರ್ ಚಿಲ್ಲರೆ. ಗಾಡಿ ಎತ್ತಿಕೊಂಡು ಹೋಗುವ ಸೌಲಭ್ಯ ಇದೆಯಂತೆ, ಆದರೆ ಸರ್ವಿಸ್ ಸೆಂಟರಿನಿಂದ ಐವತ್ತು ಕಿಲೋಮೀಟರ್ ಒಳಗಿದ್ದರೆ ಮಾತ್ರ. ಟಾಟಾ ಏಸ್ ಬಾಡಿಗೆಗೆ ಮಾಡಿ, ಹಗ್ಗ ಕಟ್ಟಿ ಸಾಗಿಸಿದೆ. ಆ ಬಾಡಿಗೆಯಲ್ಲಿ ಹಳೇ ಬೈಕಿಗೆ ಎಷ್ಟು ಪೆಟ್ರೋಲ್ ಹಾಕಿಸಬಹುದಿತ್ತು ಅಂತ ಮನೆಯಲ್ಲಿ ಲೆಕ್ಕ ಮಾಡಿದರು. ನಾನು ಕೇಳಿಸದವನ ಹಾಗೆ ಕೂತೆ.

ಅಲ್ಲಿ ಗಾಡಿ ನೋಡಿದವನು ಭದ್ರಾವತಿ ಕಡೆಯ ಐಟಿಐ ಹುಡುಗ. ಕೆಲಸ ಗೊತ್ತಿರುವವನು. ಚಾರ್ಜಿಂಗ್ ಸಾಕೆಟ್ ಬಿಚ್ಚಿ ತೋರಿಸಿದ. ಒಳಗೆ ನೀರಿಳಿದು ಪಿನ್ನುಗಳು ಹಸಿರುಗಟ್ಟಿದ್ದವು. ಅದರ ಹಿಂದಿನ ಚಾರ್ಜರ್ ಬೋರ್ಡ್ ಕೂಡ ಹೋಗಿತ್ತು. "ಸಾಕೆಟ್ ನಾನೇ ಹಾಕ್ತೀನಿ ಸಾರ್, ಬೋರ್ಡ್ ಬೆಂಗಳೂರಿಂದ ಬರ್ಬೇಕು. ಬ್ಯಾಟರಿಗೂ ಏನಾದ್ರೂ ಆಗಿದ್ರೆ ಅದನ್ನ ನಾವು ಇಲ್ಲಿ ಬಿಚ್ಚೋ ಹಾಗಿಲ್ಲ" ಅಂದ. ಬಿಚ್ಚದಿರುವುದೇನೋ ಸರಿಯೇ. 2022ರ ಬೇಸಿಗೆಯಲ್ಲಿ ದೇಶದ ಅಲ್ಲಲ್ಲಿ ಸ್ಕೂಟರ್‌ಗಳಿಗೆ ಬೆಂಕಿ ಹತ್ತಿದ ಮೇಲೆ ಬ್ಯಾಟರಿ ಸುರಕ್ಷತೆಯ ನಿಯಮ ಬಿಗಿಯಾಯಿತು. ಲಿಥಿಯಂ ಬ್ಯಾಟರಿ ಅಪಾಯಕಾರಿ ಸರಕಿನ ಪಟ್ಟಿಯಲ್ಲಿದೆ. ಅಡಿಕೆ ಮೂಟೆಯ ಹಾಗೆ ಬಸ್ಸಿನ ಮೇಲೆ ಹಾಕಿ ಕಳಿಸುವ ವಸ್ತು ಅಲ್ಲ. ಪುಣ್ಯಕ್ಕೆ ನನ್ನ ಬ್ಯಾಟರಿ ಚೆನ್ನಾಗಿತ್ತು.

ಕಂಪನಿಯಿಂದ ಬಂದ ಮೊದಲ ಉತ್ತರ: ನೀರಿನಿಂದ ಆದ ಹಾನಿ, ವಾರಂಟಿ ಇಲ್ಲ.

ಮಲೆನಾಡಿನಲ್ಲಿ ಗಾಡಿ ಮಾರಿ ಹೀಗೆ ಹೇಳುವುದಕ್ಕೆ ಧೈರ್ಯ ಬೇಕು. ಮಾರುವಾಗ ಕೊಟ್ಟ ಬ್ರೋಶರ್ ಹುಡುಕಿ ತೆಗೆದೆ. ಐಪಿ67 ಅಂತ ದಪ್ಪ ಅಕ್ಷರದಲ್ಲಿದೆ. ಅಂದರೆ ದೂಳು ಹೋಗುವುದಿಲ್ಲ, ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರು ಇಳಿಯಬಾರದು. ಆದರೆ ಕೆಳಗೆ ಸಣ್ಣ ಅಕ್ಷರದಲ್ಲಿ, ಇದು ಬ್ಯಾಟರಿ ಪ್ಯಾಕಿಗೆ ಮಾತ್ರ. ಸಾಕೆಟ್ ಬಗ್ಗೆ ಮಾತೇ ಇಲ್ಲ. ಗಾಡಿ ಪೂರ್ತಿ ಜಲನಿರೋಧಕ ಅಂತ ತಿಳಿದುಕೊಂಡವರು ದಯವಿಟ್ಟು ನಿಮ್ಮ ಬ್ರೋಶರನ್ನು ಇನ್ನೊಮ್ಮೆ ಓದಿ.

ನನ್ನ ಕೈ ಹಿಡಿದದ್ದು ಜಾಬ್ ಕಾರ್ಡ್, ಅಂದರೆ ಗಾಡಿಗೆ ಏನಾಗಿದೆ ಅಂತ ಸರ್ವಿಸ್ ಸೆಂಟರಿನವರು ಬರೆದುಕೊಡುವ ಚೀಟಿ. ಗಾಡಿ ಒಳಗೆ ತಗೊಳ್ಳುವಾಗ ಕೌಂಟರಿನಲ್ಲಿ ಸುಮ್ನೆ "ಜನರಲ್ ಚೆಕಪ್" ಅಂತ ಬರೆದಿದ್ದರು. ನಾನು ಬಿಡಲಿಲ್ಲ. ಚಾರ್ಜ್ ಆಗುತ್ತಿಲ್ಲ, ಇಂಥ ಕೋಡ್ ಬರುತ್ತಿದೆ, ಓಡಿದ ಕಿಲೋಮೀಟರ್ ಇಷ್ಟು, ತಾರೀಕು ಇದು ಅಂತ ಬರೆಸಿ, ಸೀಲ್ ಹಾಕಿಸಿ, ಫೋಟೊ ತೆಗೆದುಕೊಂಡೆ. ಕ್ಲೇಮ್ ಫಾರಂ ತುಂಬಿ ತುಂಬಿ ಬಂದ ಚಾಳಿ ಇದು. ಜನರಲ್ ಚೆಕಪ್ಪಿಗೆ ಬಂದ ಗಾಡಿ ಎಷ್ಟು ದಿನ ಅಲ್ಲೇ ನಿಂತರೂ ಯಾರೂ ಉತ್ತರ ಕೊಡಬೇಕಾಗಿಲ್ಲ. ದೋಷ ಬರೆದಿದ್ದರೆ ಕೊಡಬೇಕಾಗುತ್ತದೆ. ಆ ಫೋಟೊ, ಬ್ರೋಶರಿನ ಪುಟ ಎರಡನ್ನೂ ಸೇರಿಸಿ ಕಂಪನಿಗೆ ಮೇಲ್ ಹಾಕಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಟ್ಟೆ. ಮುಂದಿನ ಹೆಜ್ಜೆ ಜಿಲ್ಲಾ ಗ್ರಾಹಕರ ಆಯೋಗ ಅಂತ ಮೇಲ್‌ನಲ್ಲೇ ಬರೆದಿದ್ದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಾವಿರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು, ಕಂಪನಿ ಇರುವ ಊರಿಗೆ ಓಡಬೇಕಿಲ್ಲ. ಕೊಂಡ ಬೆಲೆ 5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. ತೊಂದರೆ ಶುರುವಾದ ಎರಡು ವರ್ಷದೊಳಗೆ ಹಾಕಬೇಕು ಅಷ್ಟೆ. ಕೇಸಿನ ತನಕ ಹೋಗಲಿಲ್ಲ. ವಾರಂಟಿಯಲ್ಲೇ ಬೋರ್ಡ್ ಬಂತು. ತಡವಾಗಿ, ಆದರೆ ಬಂತು.

ಅಲ್ಲಿ ಕಾಯುತ್ತಿದ್ದವರಲ್ಲಿ ಒಬ್ಬರು ಕಲಬುರಗಿಯ ಮಾತು ತೆಗೆದರು. 2024ರ ಸೆಪ್ಟೆಂಬರಿನಲ್ಲಿ ಸ್ಕೂಟರ್ ರಿಪೇರಿಯಾಗದ ಸಿಟ್ಟಿಗೆ ಗ್ರಾಹಕನೊಬ್ಬ ಅಲ್ಲಿನ ಶೋರೂಮಿಗೇ ಬೆಂಕಿ ಇಟ್ಟಿದ್ದ. ಮಾಡಿದ್ದು ತಪ್ಪು, ಅನುಮಾನವೇ ಇಲ್ಲ. ಆದರೆ ಆ ಬೆಂಚಿನ ಮೇಲೆ ಕೂತಿದ್ದವರಲ್ಲಿ ಯಾರಿಗೂ ಅವನ ಸಿಟ್ಟು ಅರ್ಥವಾಗದೆ ಇರಲಿಲ್ಲ.

ಇನ್ನೊಂದು ತಮಾಷೆ ನೋಡಿ. ನಮ್ಮ ಬೀದಿಯ ನಿವೃತ್ತ ಮೇಷ್ಟ್ರ ಹತ್ತಿರ ಗಂಟೆಗೆ 25 ಕಿಲೋಮೀಟರ್ ಮೀರದ ಪುಟ್ಟ ಸ್ಕೂಟರ್ ಇದೆ. 250 ವ್ಯಾಟ್ ಮೋಟರ್, ನೋಂದಣಿ ಬೇಡ, ಲೈಸೆನ್ಸ್ ಬೇಡ. ಅದನ್ನು ಮಾರಿದವನು ಊರೇ ಬಿಟ್ಟ. ಆದರೂ ಅವರಿಗೆ ಚಿಂತೆ ಇಲ್ಲ. ಅದರದ್ದು ಮಾಮೂಲಿ ಲೆಡ್ ಆಸಿಡ್ ಬ್ಯಾಟರಿ. ಯುಪಿಎಸ್ ಬ್ಯಾಟರಿ ಅಂಗಡಿಯವನೇ ಬದಲಾಯಿಸಿ ಕೊಟ್ಟ. ನಮ್ಮಲ್ಲಿ ಎಲ್ಲಕ್ಕಿಂತ ಅಗ್ಗದ ಗಾಡಿಗೆ ಎಲ್ಲಕ್ಕಿಂತ ಸುಲಭದ ಸರ್ವಿಸ್!

ತಗೊಳ್ಳಲೇಬೇಕು ಅನ್ನುವವರು ಶೋರೂಂ ನೋಡುವ ಮೊದಲು ಸರ್ವಿಸ್ ಸೆಂಟರ್ ನೋಡಿ ಬನ್ನಿ. ಸೋಮವಾರ ಬೆಳಿಗ್ಗೆ ಹೋಗಿ. ದೂಳು ಹಿಡಿದು ನಿಂತ ಗಾಡಿ ಎಷ್ಟಿವೆ, ಕಾಯುವವರು ಏನು ಬೈಯುತ್ತಿದ್ದಾರೆ, ಚಾರ್ಜರ್ ಮತ್ತು ಕಂಟ್ರೋಲರ್ (ಮೋಟರಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಭಾಗ) ಸ್ಟಾಕ್ ಇದೆಯಾ ಕೇಳಿ. ಡೀಲರ್ ಅಂಗಡಿ ಮುಚ್ಚಿದರೆ ವಾರಂಟಿಗೆ ಯಾರು ಅಂತಲೂ ಕೇಳಿ, ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಿ.

ನನ್ನ ಗಾಡಿಯ ಬ್ರೇಕು, ಬೇರಿಂಗು, ಟೈರು ಎಲ್ಲವನ್ನೂ ಈಗ ಇಲ್ಲಿನ ಗ್ಯಾರೇಜಿನವನೇ ನೋಡಿಕೊಳ್ಳುತ್ತಾನೆ. ವೈರಿಂಗ್ ಮಾತ್ರ ಮುಟ್ಟುವುದಿಲ್ಲ, "ಅದು ನಂದಲ್ಲ ಸಾರ್" ಅನ್ನುತ್ತಾನೆ. ಮುಂದಿನ ವರ್ಷ ವಾರಂಟಿ ಮುಗಿಯುತ್ತದೆ. ಸಿದ್ದಾಪುರ, ಶಿರಸಿ, ಹೊಸನಗರ ಕಡೆ ಕಂಟ್ರೋಲರ್, ಚಾರ್ಜರ್ ಬೋರ್ಡ್ ರಿಪೇರಿ ಮಾಡುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಇನ್ನೊಮ್ಮೆ ಟಾಟಾ ಏಸ್ ಕರೆಯುವ ಆಸೆ ನನಗಿಲ್ಲ.