ಮೇಲಕ್ಕೆ ಎಳೆದ ಮಣ್ಣು

ನವೆಂಬರ್ 6, 2024, ಬುಧವಾರ
ಒಚಿಯಾಯ್, ಹಿಗಾಶಿ ಇಯಾ, ಶಿಕೊಕು ದ್ವೀಪ, ಜಪಾನ್

ಬೆಳಿಗ್ಗೆ ಏಳರವರೆಗೂ ಕಣಿವೆಯ ತುಂಬ ಮಂಜು. ಜಾರುಬಾಗಿಲು ಸರಿಸಿ ಜಗಲಿಯಲ್ಲಿ ಕುಳಿತೆ. ಎದುರು ಬೆಟ್ಟದ ನೆತ್ತಿ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಕೆಳಗೆಲ್ಲೋ ಇಯಾ ಹೊಳೆ ಹರಿಯುವ ಸದ್ದು ಮಾತ್ರ. ಮಂಜು ಕರಗುತ್ತಾ ಬಂದಂತೆ ನಮ್ಮ ಕೆಳಗಿನ ಮನೆಯ ಸೂರು ಕಂಡಿತು, ಆಮೇಲೆ ಅದರ ಕೆಳಗಿನದು, ಆಮೇಲೆ ಅದರ ಕೆಳಗಿನದು. ಈ ಊರಿನಲ್ಲಿ ಪಕ್ಕದ ಮನೆ ಎಂಬುದು ಅಪರೂಪ. ಮೇಲಿನ ಮನೆ, ಕೆಳಗಿನ ಮನೆ ಎಂದೇ ಗುರುತು. ಊರಿನ ಅಡಿಯಿಂದ ತುದಿಗೆ ಸುಮಾರು 390 ಮೀಟರ್ ಎತ್ತರ. ಉಪ್ಪು ಕಡ ಕೇಳಲು ಹೋದರೂ ಒಂದು ಗುಡ್ಡ ಹತ್ತಿ ಇಳಿದಂತೆ ಆಗುತ್ತದೆ.

ಇಲ್ಲಿಗೆ ಬಂದದ್ದು ಭಾನುವಾರ. ದೀಪಾವಳಿ ಪೂರ್ತಿ ಒಸಾಕಾದಲ್ಲಿ ಕೆಲಸದಲ್ಲೇ ಕಳೆದುಹೋಗಿತ್ತು. ಬಲಿಪಾಡ್ಯಮಿಯ ರಾತ್ರಿ ಅಮ್ಮ ಫೋನಿನಲ್ಲಿ "ದೀಪವನ್ನಾದರೂ ಹಚ್ಚಿದೆಯೇನೇ?" ಎಂದು ಕೇಳಿದಾಗ ಹಚ್ಚಿದೆ ಎಂದು ಸುಳ್ಳು ಹೇಳಿದೆ. ಹಾಗೆ ಹೇಳಿ ಫೋನ್ ಇಟ್ಟ ಮೇಲೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ರಜೆಯನ್ನೂ ಈ ಮನೆಯನ್ನೂ ತಿಂಗಳ ಹಿಂದೆಯೇ ಗೊತ್ತು ಮಾಡಿಕೊಂಡಿದ್ದೆ, ಅದೇ ಪುಣ್ಯ. ಶಿಂಕಾನ್‌ಸೆನ್ ಬುಲೆಟ್ ರೈಲು ಹಿಡಿದು ಒಕಾಯಾಮಾ, ಅಲ್ಲಿಂದ ಸೆತೊ ಒಳಸಮುದ್ರದ ಮೇಲಿನ ಉದ್ದನೆಯ ಸೇತುವೆ ದಾಟುವ ರೈಲು, ಒಬೊಕೆ ಎಂಬ ಪುಟ್ಟ ನಿಲ್ದಾಣದಲ್ಲಿ ಇಳಿದರೆ ಮುಂದೆ ಬಸ್ಸು. ದಿನಕ್ಕೆ ಕೆಲವೇ ಬಸ್ಸುಗಳು. ದಾರಿಯಲ್ಲಿ ಪ್ರಸಿದ್ಧ ಬಳ್ಳಿ ಸೇತುವೆ ಸಿಗುತ್ತದೆ: 45 ಮೀಟರ್ ಉದ್ದ, ಮೂರು ವರ್ಷಕ್ಕೊಮ್ಮೆ ಬಳ್ಳಿಗಳನ್ನು ಹೊಸದಾಗಿ ಹೆಣೆಯುತ್ತಾರೆ. ರಜೆಯ ದಿನವಾದ್ದರಿಂದ ಜನಜಂಗುಳಿ ಇತ್ತು. ನಾನು ಇಳಿಯಲಿಲ್ಲ.

ಉಳಿದುಕೊಂಡಿರುವುದು ಹುಲ್ಲು ಹೊದಿಸಿದ ಹಳೆಯ ಮನೆಯಲ್ಲಿ. 2005ರಲ್ಲಿ ಜಪಾನ್ ಸರ್ಕಾರ ಈ ಊರನ್ನು ಸಂರಕ್ಷಿತ ಪಾರಂಪರಿಕ ವಸತಿ ಎಂದು ಗುರುತಿಸಿತು. ಆಮೇಲೆ ಬೀಳುತ್ತಿದ್ದ ಕೆಲವು ಮನೆಗಳನ್ನು ರಿಪೇರಿ ಮಾಡಿ ಪ್ರವಾಸಿಗರಿಗೆ ಕೊಡುತ್ತಿದ್ದಾರೆ. ಮನೆ ಬೆಟ್ಟಕ್ಕೆ ಬೆನ್ನು ಕೊಟ್ಟು ಅಡ್ಡಲಾಗಿ ಉದ್ದಕ್ಕೆ ನಿಂತಿದೆ; ಒಂದರ ಪಕ್ಕ ಒಂದು ಕೋಣೆ, ಹಿಂದಕ್ಕೆ ಆಳವೇ ಇಲ್ಲ. ಬೆಟ್ಟ ಬಿಟ್ಟುಕೊಟ್ಟಷ್ಟೇ ಜಾಗದಲ್ಲಿ ಕಟ್ಟಿದ ಮನೆ. ನಡುಕೋಣೆಯ ನೆಲದಲ್ಲಿ ಚೌಕಾಕಾರದ ಅಗ್ಗಿಷ್ಟಿಕೆ, ಅದಕ್ಕೆ ಇರೊರಿ ಎನ್ನುತ್ತಾರೆ. ಮೇಲೆ ಅಟ್ಟವಿಲ್ಲ. ಹೊಗೆ ನೇರವಾಗಿ ಸೂರಿಗೆ ಏರಿ ಹುಲ್ಲಿಗೂ ಹಗ್ಗಕ್ಕೂ ಮಸಿ ಹಿಡಿಸುತ್ತದೆ. ಆ ಹೊಗೆಯಿಂದಲೇ ಹುಲ್ಲಿಗೆ ಹುಳು ಬೀಳುವುದಿಲ್ಲ. ನನ್ನ ಕೂದಲಿಗೆ, ಸ್ವೆಟರಿಗೆ, ಈಗ ಬರೆಯುತ್ತಿರುವ ಈ ಪುಸ್ತಕಕ್ಕೂ ಅಜ್ಜಿಮನೆಯ ಅಡುಗೆಕೋಣೆಯ ವಾಸನೆ ಹತ್ತಿದೆ.

ಮೊದಲ ಎರಡು ದಿನ ಸುಮ್ಮನೆ ಇದ್ದೆ. ಒಲೆಗೆ ಸೌದೆ ಒಡ್ಡುವುದು, ಚಹಾ ಕಾಸುವುದು, ಎದುರು ಬೆಟ್ಟವನ್ನು ನೋಡುವುದು. ಇದನ್ನೇ ಬಯಸಿ ಬಂದಿದ್ದೆ. ಆದರೆ ಮನಸ್ಸು ಮಾತ್ರ ಬಸ್ಸಿನಿಂದ ಇಳಿದಿರಲಿಲ್ಲ, ಗಂಟೆಗೊಮ್ಮೆ ಮೊಬೈಲನ್ನು ಕೈಗೆತ್ತಿಕೊಳ್ಳುತ್ತಿದ್ದೆ. ನಿನ್ನೆ ಮಧ್ಯಾಹ್ನ ಮೇಲಿನ ಮನೆಯ ಅಜ್ಜಿ ಕುಡುಗೋಲು ಹಿಡಿದು ಜಗಲಿಯ ಮುಂದೆ ಹಾದುಹೋಗುತ್ತಾ ನಿಂತರು. ಎಂಬತ್ತೆರಡು ವರ್ಷ, ಬಾಗಿದ ಬೆನ್ನು. "ಕೆಲಸವಿಲ್ಲದಿದ್ದರೆ ಬಾ" ಎಂದರು. ಹೋದೆ. ಇವತ್ತೂ ಹೋದೆ.

ಅವರ ಹೊಲದಲ್ಲಿ ನಿಂತಾಗ ಮೊದಲು ಗಮನಕ್ಕೆ ಬಂದದ್ದು ನನ್ನ ಕಾಲು. ಎರಡೂ ಪಾದ ಒಂದೇ ಮಟ್ಟದಲ್ಲಿ ಊರಲು ಜಾಗವಿಲ್ಲ. ಮನೆಗಳಿಗೂ ಕೆಲವು ತುಂಡುಗಳಿಗೂ ಕಲ್ಲಿನ ಕಟ್ಟೆ ಇದೆ, ಆದರೆ ಹೊಲದ ಬಹುಪಾಲಿಗೆ ಮೆಟ್ಟಿಲು ಕಡಿದಿಲ್ಲ. ಬೆಟ್ಟ ಹೇಗೆ ಇಳಿದಿದೆಯೋ ಹಾಗೆಯೇ ಬೇಸಾಯ. ಈ ಸೀಮೆಯಲ್ಲಿ 40 ಡಿಗ್ರಿಯಷ್ಟು ಕಡಿದಾದ ಹೊಲಗಳೂ ಇವೆ. ಅಲ್ಲಿ ಒಂದು ಹೆಜ್ಜೆ ಎತ್ತಿಟ್ಟರೆ ಸಾಕು, ಒಂದು ಹಿಡಿ ಮಣ್ಣು ಕೆಳಗೆ ಸರಿಯುತ್ತದೆ. ಮಳೆ ಬಂದರೆ ಸರಿಯುತ್ತದೆ, ಕಳೆ ಕಿತ್ತರೆ ಸರಿಯುತ್ತದೆ. ಹೀಗೆ ವರ್ಷವಿಡೀ ಇಳಿದು ಕೆಳಗಿನ ಅಂಚಿನಲ್ಲಿ ಕೂಡಿಕೊಂಡ ಮಣ್ಣನ್ನು ವಸಂತದಲ್ಲಿ, ಬಿತ್ತನೆಗೆ ಮೊದಲು, ಹಲ್ಲುಗಳಿರುವ ಗುದ್ದಲಿಯಿಂದ ಮತ್ತೆ ಮೇಲಕ್ಕೆ ಎಳೆಯುತ್ತಾರೆ. ಗೇಣು ಗೇಣಾಗಿ, ಹೊಲದ ನೆತ್ತಿಯವರೆಗೂ. ಅಜ್ಜಿ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಮಾಡುತ್ತಿದ್ದಾರಂತೆ. ಅಂದರೆ ಅವರ ಹೊಲದ ಮಣ್ಣಿನ ಪ್ರತಿ ಹಿಡಿಯನ್ನೂ ಅವರು ಅರವತ್ತು ಸಲ ಮೇಲಕ್ಕೆ ಎಳೆದಿದ್ದಾರೆ. ಈ ಲೆಕ್ಕ ಹಾಕಿದ ಮೇಲೆ ಆ ಮಣ್ಣಿನ ಮೇಲೆ ಕಾಲಿಡಲು ನನಗೆ ಹಿಂಜರಿಕೆಯಾಯಿತು.

ಮಣ್ಣು ಇಳಿಯದಂತೆ ತಡೆಯಲು ಹುಲ್ಲು. ಕಾಯಾ ಎನ್ನುತ್ತಾರೆ, ಆಳೆತ್ತರ ಬೆಳೆಯುವ ಹುಲ್ಲು, ಬೆಳ್ಳಿ ಬಣ್ಣದ ತೆನೆ. ಚಾವಣಿಗೆ ಹೊದಿಸುವುದೂ ಇದನ್ನೇ. ಹೊಲದ ಮೇಲಿನ ಇಳಿಜಾರಿನಲ್ಲಿ ಅದಕ್ಕೆಂದೇ ಹುಲ್ಲುಗಾವಲು ಬಿಟ್ಟಿರುತ್ತಾರೆ. ಈ ತಿಂಗಳಲ್ಲಿ ಕೊಯ್ದು, ಹೊರೆ ಕಟ್ಟಿ, ಹೊರೆಗಳನ್ನು ಒಂದಕ್ಕೊಂದು ಆನಿಸಿ ಗೋಪುರದಂತೆ ನಿಲ್ಲಿಸಿ, ಕುತ್ತಿಗೆಯ ಬಳಿ ಬಿಗಿಯುತ್ತಾರೆ. ಇದರ ಹೆಸರು ಕೊಎಗುರೊ, ಗೊಬ್ಬರದ ಗುಡ್ಡೆ ಎಂದರ್ಥ. ಚಳಿಗಾಲವಿಡೀ ಹಾಗೆಯೇ ನಿಂತು ಒಣಗಿದ ಹುಲ್ಲನ್ನು ವಸಂತದಲ್ಲಿ ಕತ್ತರಿಸಿ ಹೊಲದ ತುಂಬ ಹರಡಿದರೆ ಮಳೆಯ ಹೊಡೆತ ತಡೆಯುತ್ತದೆ, ತೇವ ಉಳಿಯುತ್ತದೆ, ಕೊನೆಗೆ ಕೊಳೆತು ಗೊಬ್ಬರವೂ ಆಗುತ್ತದೆ. ದೂರದಿಂದ ನೋಡಿದರೆ ನಮ್ಮ ಕುಣಿಗಲ್ ಕಡೆಯ ಮೆದೆಗಳೇ ಕುತ್ತಿಗೆ ಉದ್ದ ಮಾಡಿಕೊಂಡು ಬೆಟ್ಟ ಹತ್ತಿದಂತೆ ಕಾಣುತ್ತವೆ. 2018ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಈ ಭಾಗದ ಇಳಿಜಾರು ಬೇಸಾಯವನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆಯ ಪಟ್ಟಿಗೆ ಸೇರಿಸಿದೆ. ಅಜ್ಜಿಗೆ ಅದು ಗೊತ್ತು. "ಪಟ್ಟಿಗೆ ಸೇರಿದ ವರ್ಷವೂ ಮಣ್ಣು ಇಳಿಯಿತು" ಎಂದು ಮಾತ್ರ ಹೇಳಿ ಹುಲ್ಲಿನತ್ತ ತಿರುಗಿದರು.

ಇವತ್ತು ಇಬ್ಬರೂ ಸೇರಿ ಎರಡು ಗುಡ್ಡೆ ನಿಲ್ಲಿಸಿದೆವು. ಅವರು ಕೊಯ್ಯುವ ರೀತಿಯನ್ನು ನೋಡುತ್ತಾ ನಿಂತುಬಿಟ್ಟಿದ್ದೆ. ಎಡಗೈಯಲ್ಲಿ ಹುಲ್ಲಿನ ಬುಡ ತಬ್ಬಿ, ಕುಡುಗೋಲನ್ನು ತಮ್ಮತ್ತ ಎಳೆದು, ಕೊಯ್ದ ಹಿಡಿಯನ್ನು ಬೆಟ್ಟದ ಮೇಲ್ಬದಿಗೇ ಇಡುತ್ತಾರೆ. ಕೆಳಬದಿಗೆ ಇಟ್ಟರೆ ಜಾರುತ್ತದೆ. ನಾಲ್ಕು ಹಿಡಿ, ಒಂದು ಉಸಿರು. ಮತ್ತೆ ನಾಲ್ಕು ಹಿಡಿ, ಒಂದು ಉಸಿರು. ನಾನು ಬಿರುಸಿನಿಂದ ಕೊಯ್ದು ಅರ್ಧ ಗಂಟೆಯಲ್ಲಿ ಏದುಸಿರು ಬಿಡುತ್ತಾ ಕುಳಿತೆ. ಅವರು ನಿಲ್ಲಲೂ ಇಲ್ಲ, ಬೇಗ ಮಾಡಲೂ ಇಲ್ಲ. "ಬೊಚಿಬೊಚಿ" ಎಂದರು. ಪಶ್ಚಿಮ ಜಪಾನಿನ ಆಡುಮಾತು, ಮೆಲ್ಲಮೆಲ್ಲಗೆ, ಸ್ವಲ್ಪಸ್ವಲ್ಪವಾಗಿ ಎಂದರ್ಥ. ಒಸಾಕಾದಲ್ಲಿ ಈ ಪದವನ್ನು ನೂರು ಸಲ ಕೇಳಿದ್ದೇನೆ, ಹೇಗಿದ್ದೀರಿ ಎಂದರೆ ಬೊಚಿಬೊಚಿ ಎನ್ನುತ್ತಾರೆ. ಈ ಇಳಿಜಾರಿನಲ್ಲಿ ಅದು ಕುಶಲದ ಮಾತಲ್ಲ, ಕೆಲಸದ ಕ್ರಮ. ಆತುರಪಟ್ಟರೆ ಕಾಲು ಜಾರುತ್ತದೆ, ಮಣ್ಣು ಜಾರುತ್ತದೆ, ಮಾಡಿದ ಕೆಲಸವೂ ಜಾರುತ್ತದೆ. ಹಳ್ಳಿಯ ನಿಧಾನಗತಿ ಎಂದರೆ ಬಿಡುವು ಎಂದುಕೊಂಡು ಬಂದಿದ್ದೆ. ಅಜ್ಜಿಗೆ ಬೆಳಗಿನಿಂದ ಕತ್ತಲೆಯವರೆಗೆ ಒಂದು ಗಳಿಗೆ ಬಿಡುವಿಲ್ಲ.

ಹನ್ನೊಂದರ ಹೊತ್ತಿಗೆ ಚಹಾಕ್ಕೆಂದು ಅವರ ಮನೆಯ ಸೂರಿನಡಿ ಕುಳಿತೆವು. ಸೊಬಾದ ಸಿವುಡುಗಳು ಬಿದಿರಿನ ಅಡ್ಡೆಗಳ ಮೇಲೆ ಒಣಗುತ್ತಿದ್ದವು. ಸೊಬಾ ಎಂದರೆ ಉತ್ತರ ಭಾರತದವರು ಉಪವಾಸಕ್ಕೆ ಬಳಸುವ ಕುಟ್ಟು. ಪಕ್ಕದಲ್ಲಿ ಜೋಳದ ತೆನೆಗಳು, ಅದರಾಚೆ ಮೊಳೆಗೆ ತೂಗುಹಾಕಿದ ಚಿಕ್ಕದೊಂದು ಕಟ್ಟು. ಕಂದು ಬಣ್ಣ, ಐದಾರು ಬೆರಳು ಮಡಚಿದ ಮುಷ್ಟಿಯಂತಹ ತೆನೆ. ನಾನು ಎದ್ದು ನಿಂತೆ. ಒಂದು ತೆನೆಯನ್ನು ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ ನೋಡಿದೆ. ಸಾಸಿವೆಗಿಂತ ಚಿಕ್ಕದಾದ ಕೆಂಗಂದು ಕಾಳು ಅಂಗೈ ಗೆರೆಗಳಲ್ಲಿ ಕುಳಿತವು. ರಾಗಿ.

ಅಜ್ಜಿ ಅದಕ್ಕೆ ಯಾತ್ಸುಮಾತಾ ಎಂದರು. ಎಂಟು ಕವಲಿನದು ಎಂದರ್ಥ, ತೆನೆಯ ಬೆರಳುಗಳಿಂದ ಬಂದ ಹೆಸರು. ಜಪಾನಿನ ಉಳಿದೆಡೆ ಇದನ್ನು ಶಿಕೊಕುಬಿಯೆ ಎನ್ನುತ್ತಾರೆ, ಈ ದ್ವೀಪದ ಹೆಸರನ್ನೇ ಹೊತ್ತ ಧಾನ್ಯ. ಪೂರ್ವ ಆಫ್ರಿಕಾದ ಎತ್ತರದ ನಾಡಿನಲ್ಲಿ ಹುಟ್ಟಿ, ನಮ್ಮಲ್ಲಿಗೆ ಸಾವಿರಾರು ವರ್ಷಗಳ ಹಿಂದೆ ಬಂದ ರಾಗಿಯೇ ಇದು. ಭತ್ತದ ಗದ್ದೆ ಮಾಡಲಾಗದ ಈ ಬೆಟ್ಟಗಳಲ್ಲಿ ಇದನ್ನೇ ಬೀಸಿ ತಿಂದು ಬದುಕಿದವರು ಇವರು. ಈಗ ಬೆಳೆಯುವವರು ಬೆರಳೆಣಿಕೆಯಷ್ಟು. ಅಜ್ಜಿ ಬೀಜ ಕಳೆದುಹೋಗಬಾರದೆಂದು ವರ್ಷಕ್ಕೊಂದು ಪುಟ್ಟ ಪಾತಿಯಷ್ಟು ಹಾಕುತ್ತಾರಂತೆ. "ನಿಮ್ಮಲ್ಲಿಯೂ ಅಕ್ಕಿ ಇರಲಿಲ್ಲವೇ?" ಎಂದು ಕೇಳಿದರು, ಬಹಳ ಮೆತ್ತಗೆ. ಅಕ್ಕಿ ಇದ್ದರೂ ಇದನ್ನೇ ಉಣ್ಣುತ್ತೇವೆ, ನಮ್ಮ ಊರಿನಲ್ಲಿ ಎಕರೆಗಟ್ಟಲೆ ಬೆಳೆಯುತ್ತಾರೆ, ಈಗ ಇದೇ ವಾರಗಳಲ್ಲಿ ಕೊಯ್ಲು ಎಂದೆ. ಎಕರೆಗಟ್ಟಲೆ ಎಂಬುದನ್ನು ಎರಡು ಸಲ ಹೇಳಿಸಿದರು.

ಮಧ್ಯಾಹ್ನದ ಊಟ ಅವರ ಮನೆಯಲ್ಲೇ. ಮೀನಿನ ಸಾರು ಕುಡಿಯುವುದಿಲ್ಲ ಎಂದು ನಿನ್ನೆ ಹೇಳಿದ್ದನ್ನು ನೆನಪಿಟ್ಟು, ಒಣ ಅಣಬೆ ಮತ್ತು ಕೊಂಬು ಎಂಬ ಕಡಲಪಾಚಿ ನೆನೆಸಿದ ನೀರಿನಲ್ಲಿ ಸೊಬಾ ಕಾಳಿನ ಗಂಜಿ ಮಾಡಿದ್ದರು. ಜೊತೆಗೆ ಕಡ್ಡಿಗೆ ಚುಚ್ಚಿ ಸುಟ್ಟ ಪುಟ್ಟ ಆಲೂಗಡ್ಡೆ ಮತ್ತು ಕಲ್ಲಿನಂತೆ ಗಟ್ಟಿಯಾದ ತೋಫು. ಆಲೂಗಡ್ಡೆಯಲ್ಲಿ ಕೆಂಪು ಸಿಪ್ಪೆಯದೂ ಬಿಳಿ ಸಿಪ್ಪೆಯದೂ ಇತ್ತು. ಕೆಂಪು ಹೆಯ್ಕೆ ಎಂಬ ಹಳೆಯ ಯೋಧವಂಶದ ಬಾವುಟ, ಬಿಳಿ ಅವರ ವೈರಿಗಳಾದ ಗೆಂಜಿ ವಂಶದ ಬಾವುಟ. 1185ರಲ್ಲಿ ಯಾಶಿಮಾದ ಕಾಳಗದಲ್ಲಿ ಸೋತ ಹೆಯ್ಕೆಯವರು ಈ ಕಣಿವೆಗೆ ಬಂದು ಅಡಗಿದರು ಎಂಬ ಐತಿಹ್ಯ ಇಲ್ಲಿ ಆಲೂಗಡ್ಡೆಯ ಬಣ್ಣದಲ್ಲೂ ಉಳಿದಿದೆ. ಅಜ್ಜಿ ನನ್ನ ತಟ್ಟೆಗೆ ಕೆಂಪನ್ನೇ ಆರಿಸಿ ಹಾಕಿದರು.

ಊಟವಾದ ಮೇಲೆ ಊರಿನ ಕೆಳಭಾಗಕ್ಕೆ ನಡೆದೆ. ದಾರಿಯಲ್ಲಿ ಮುಚ್ಚಿದ ಮನೆಗಳನ್ನು ಎಣಿಸಲು ಶುರು ಮಾಡಿ ನಡುವೆಯೇ ಬಿಟ್ಟುಬಿಟ್ಟೆ. ಜಪಾನಿನಲ್ಲಿ ಖಾಲಿ ಮನೆಗಳು 90 ಲಕ್ಷ ಎಂದು ಹೋದ ವರ್ಷದ ಸಮೀಕ್ಷೆ ಹೇಳಿದೆ. ಆ ಸಂಖ್ಯೆಯನ್ನು ಸುದ್ದಿಯಲ್ಲಿ ಓದಿ ಮುಂದೆ ಹೋಗಿದ್ದೆ. ಇಲ್ಲಿ ಒಂದು ಮನೆಯ ಕಿಟಕಿಯಲ್ಲಿ ಕ್ಯಾಲೆಂಡರ್ ಇನ್ನೂ ತೂಗುತ್ತಿದೆ, ಅಂಗಳದ ಕಿತ್ತಳೆ ಬಣ್ಣದ ಕಾಕಿ (ಪರ್ಸಿಮನ್) ಹಣ್ಣುಗಳನ್ನು ಕೊಯ್ಯುವವರಿಲ್ಲದೆ ಹಕ್ಕಿಗಳು ತಿನ್ನುತ್ತಿವೆ. ಹೊಲವಿದ್ದ ಜಾಗದಲ್ಲಿ ಕಾಡು ಬಂದು ನಿಂತಿದೆ. ಮಣ್ಣು ಎಳೆಯುವುದನ್ನು ಬಿಟ್ಟರೆ ಎಷ್ಟು ಬೇಗ ಕಾಡಾಗುತ್ತದೆ ಎಂದು ಅಜ್ಜಿಯನ್ನು ಬೆಳಿಗ್ಗೆ ಕೇಳಿದ್ದೆ. ಅವರು ತಮ್ಮ ಹೊಲದ ಅಂಚಿಗೆ ಅಂಟಿಕೊಂಡಿದ್ದ ಪೊದೆಯತ್ತ ಕೈ ತೋರಿಸಿ, "ಅದು ನನ್ನ ಗೆಳತಿಯ ಹೊಲ" ಎಂದಿದ್ದರು. ಮಾತು ಅಲ್ಲಿಗೇ ನಿಂತಿತ್ತು.

ಐದಕ್ಕೆ ಊರಿನ ಧ್ವನಿವರ್ಧಕದಲ್ಲಿ ಸಂಜೆಯ ರಾಗ ಕೇಳಿತು. ಆಗಲೇ ಕತ್ತಲು. ಅಜ್ಜಿ ಟಾರ್ಚ್ ಹಿಡಿದು ಇಳಿದು ಬಂದರು, ಕೈಯಲ್ಲಿ ಹೋದ ವರ್ಷದ ಯಾತ್ಸುಮಾತಾ ಹಿಟ್ಟಿನ ಡಬ್ಬಿ. ನಾನು ಇರೊರಿಯ ಕೊಕ್ಕೆಗೆ ಪಾತ್ರೆ ತೂಗುಹಾಕಿ ಎಸರಿಟ್ಟೆ. ಕುದಿ ಬಂದಾಗ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕದಡದೆ ಬೇಯಲು ಬಿಟ್ಟೆ. ಅಜ್ಜಿ ಕಲಕಬೇಕೆಂದು ಕೈ ಮುಂದೆ ಮಾಡಿದರು, ತಡೆದೆ. ಮುದ್ದೆಕೋಲಿಗೆ ಬದಲು ಬೀಟೆಯಂತೆ ಕಪ್ಪಾದ ಹಳೆಯ ಮರದ ಸೌಟು ಸಿಕ್ಕಿತು. ಪಾತ್ರೆಯನ್ನು ಇಳಿಸಿ ಎರಡು ಪಾದಗಳ ನಡುವೆ ಹಿಡಿದು ತಿರುವುವಾಗ ಗಂಟು ಒಡೆಯುವ ಆ ಹದ, ಹಸಿ ಹೋಗಿ ಬೆಂದ ವಾಸನೆ ಏಳುವ ಆ ಗಳಿಗೆ, ಎರಡೂ ಕೈಗೆ ನೆನಪಿದ್ದವು. ನೀರು ಮುಟ್ಟಿಕೊಂಡು ಎರಡು ಉಂಡೆ ಕಟ್ಟಿದೆ. ನಮ್ಮ ಸಾರಿಗೆ ಬದಲು, ಮಿಸೊ ಎಂಬ ಹುದುಗಿಸಿದ ಸೋಯಾ ಲೇಹ ಕದಡಿದ ಬಿಸಿ ಸೊಪ್ಪಿನ ಸಾರು. ಅಜ್ಜಿ ತುತ್ತು ಮುರಿದು, ನಾನು ಹೇಳಿದಂತೆ ಅಗಿಯದೆ ನುಂಗಿದರು. ಮತ್ತೊಂದು ತುತ್ತು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ತಮ್ಮ ಅತ್ತೆ ಇದನ್ನು ಬಿಸಿನೀರಿನಲ್ಲಿ ಕಲಸಿ ಉಂಡೆ ಮಾಡುತ್ತಿದ್ದರೆಂದೂ, ಬೇರೆ ಊರಿನವರ ಮುಂದೆ ತಿನ್ನಲು ತಮಗೆ ನಾಚಿಕೆಯಾಗುತ್ತಿತ್ತೆಂದೂ ಹೇಳಿದರು. ಉಳಿದ ಅರ್ಧ ಮುದ್ದೆಯನ್ನು ಬೆಳಿಗ್ಗೆಗೆಂದು ಬಟ್ಟಲಲ್ಲಿ ಮುಚ್ಚಿಕೊಂಡು ಹೊರಟರು. ನಾಳೆ ಕೆಳಗಿನ ತುಂಡಿನಲ್ಲಿ ಇನ್ನೂ ಮೂರು ಗುಡ್ಡೆ ನಿಲ್ಲಿಸುವುದಿದೆ.

ಅವರು ಹೋದ ಮೇಲೆ ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಇನ್ನೂ ಸಂಜೆ ಐದು. ದೀಪ ಹಚ್ಚಿರಲಿಲ್ಲ ಎಂದು ಮೊದಲೇ ಹೇಳಿಬಿಟ್ಟೆ. ಅಮ್ಮ ಒಂದು ಕ್ಷಣ ಸುಮ್ಮನಿದ್ದು, "ಈಗ ಹಚ್ಚು, ದೀಪಕ್ಕೇನು ತಿಥಿ" ಎಂದರು. ಅಜ್ಜಿ ಕೊಟ್ಟ ತೆನೆಯನ್ನು ಒಲೆಯ ಬೆಳಕಿಗೆ ಹಿಡಿದು ವಿಡಿಯೋದಲ್ಲಿ ತೋರಿಸಿದೆ. ಅಮ್ಮ ಅಪ್ಪನನ್ನೂ ಕರೆದರು. ಇಬ್ಬರೂ ತೆನೆ ನೋಡಿದರು, ಹಗಲಿನಲ್ಲಿ ತೆಗೆದ ಹೊಲದ ಚಿತ್ರವನ್ನೂ ನೋಡಿದರು. ಅಪ್ಪ ಚಿತ್ರವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಇಷ್ಟು ಇಳಿಜಾರಿನಲ್ಲಿ ಕಣ ಎಲ್ಲಿ ಮಾಡುತ್ತಾರೆ?"

ನನಗೆ ಹೊಳೆದೇ ಇರಲಿಲ್ಲ. ಬೆಳಿಗ್ಗೆ ಅಜ್ಜಿಯನ್ನು ಕೇಳಬೇಕು.